ಹಸಿರು ಪೊಟ್ಟಣದ ಮಹಿಮೆ

ತೈಚುಂಗ್ ನಗರದ ಸೈಕಲ್ ಬಿಡಿಭಾಗಗಳ ಕಂಪನಿಯೊಂದರಲ್ಲಿ ಹತ್ತೊಂಬತ್ತು ವರ್ಷದಿಂದ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದ ತೂ ಯುವೆಶಿಯಾಳನ್ನು ಕಂಡರೆ ಯಾರಿಗೂ ಆಗುತ್ತಿರಲಿಲ್ಲ. ಅವರನ್ನು ಕಂಡರೆ ಅವಳಿಗೂ ಮೈಯೆಲ್ಲ ಉರಿಯುತ್ತಿತ್ತು. ಅವಳು ಏನನ್ನೇ ಸರಿಮಾಡಲಿ, ಹೆಸರು ಮಾತ್ರ ಕಂಪ್ಯೂಟರಿನ ನೆತ್ತಿಯ ಮೇಲೆ ಕೂರಿಸಿದ್ದ ಕುರುಕಲು ತಿಂಡಿಯ ಹಸಿರು ಪೊಟ್ಟಣಕ್ಕೆ ಹೋಗುತ್ತಿತ್ತು. ಅಲ್ಲಿನವರ ನಂಬಿಕೆಯೇ ಹಾಗೆ: ಅದಿದ್ದರೆ ಯಂತ್ರ ಹೇಳಿದಂತೆ ಕೇಳುತ್ತದಂತೆ, ಅದರ ತಾರೀಖು ಮೀರಿದರೆ ಕೆಡುತ್ತದಂತೆ.

ಆ ಸೋಮವಾರ ಗಿರಾಕಿಗಳ ಜೊತೆ ಆನ್‌ಲೈನ್ ಮೀಟಿಂಗ್ ಶುರುವಾದೊಡನೆ ಮ್ಯಾನೇಜರ್ ಕೋ ಆಡಿದ ಮಾತೆಲ್ಲ ಅವರಿಗೆ ಎರಡೆರಡು ಸಲ ಕೇಳತೊಡಗಿತು. ಮೀಟಿಂಗ್ ನಡೆಯುತ್ತಿದ್ದದ್ದು ಕಂಪ್ಯೂಟರಿನೊಳಗೇ ಇದ್ದ ಇನ್ನೊಂದು ಕಂಪ್ಯೂಟರಿನಲ್ಲಿ, ಅಂದರೆ ವರ್ಚುವಲ್ ಮಷಿನ್ನಿನಲ್ಲಿ. ಯುವೆಶಿಯಾ ಅರ್ಧ ಗಂಟೆ ತಡಕಾಡಿ ಕಂಡುಹಿಡಿದಳು. ಕೋ ಒಳಗಿನ ಕಂಪ್ಯೂಟರಿನಿಂದಲೂ ಹೊರಗಿನದರಿಂದಲೂ ಅದೇ ಮೀಟಿಂಗಿಗೆ ಸೇರಿ, ಎರಡೂ ಕಡೆ ಮೈಕ್ ತೆರೆದಿಟ್ಟಿದ್ದ. ಅವಳು ಹೊರಗಿನ ಮೈಕನ್ನು ಮುಚ್ಚಿದಳು. ಪ್ರತಿಧ್ವನಿ ನಿಂತಿತು.

ಅಷ್ಟರಲ್ಲಿ ಕೋ ಹಳೆಯ ಪೊಟ್ಟಣ ತೆಗೆದು ಹೊಸದನ್ನು ಇಟ್ಟಿದ್ದ.

"ನೋಡ್ರಿ, ಇಟ್ಟ ತಕ್ಷಣ ಸರಿಹೋಯ್ತು," ಎಂದ. "ಯುವೆಶಿಯಾ ಅಕ್ಕ, ಸುಮ್ನೆ ಅರ್ಧ ಗಂಟೆ ಹಾಳು ಮಾಡಿದ್ರಿ. ಮೊದ್ಲು ತಾರೀಖು ನೋಡೋದಲ್ವಾ?"

ಸುತ್ತ ನಿಂತವರು ತಲೆಯಾಡಿಸಿದರು.

ಅವಳು ಆ ಹೊಸ ಪೊಟ್ಟಣವನ್ನು ಎತ್ತಿಕೊಂಡು ಹರಿದು, ಅವರೆದುರಿಗೇ ಕುರುಕುರು ಎಂದು ತಿಂದು ಮುಗಿಸಿದಳು. ಬೆರಳು ಒರೆಸಿಕೊಂಡು ಹೊರಗಿನ ಮೈಕನ್ನು ಮತ್ತೆ ತೆರೆದಳು.

"ಇನ್ನೊಂದು ಪೊಟ್ಟಣ ತರಿಸ್ಕೊಳ್ಳಿ," ಎಂದು ಚೀಲ ಹೆಗಲಿಗೇರಿಸಿದಳು. "ನಾನು ಮನೆಗೆ ಹೋಗ್ತೀನಿ."

ಗಿರಾಕಿಗಳಿಗೆ ಅದು ಎರಡು ಸಲ ಕೇಳಿಸಿತು.