ಐದನೇ ಪ್ಲೇಟಿನ ತೂತುಗಳು

ಎರಡು ವರ್ಷದ ಹಿಂದಿನ ಮಳೆಗಾಲ. ಮುಂಬಯಿಯ ಗ್ರಾಂಟ್ ರೋಡಿನ ಹೋಟೆಲೊಂದರಲ್ಲಿ ಹದಿನೆಂಟು ವರ್ಷ ದೋಸೆ ಹುಯ್ದ ನಾನು, ಪಶುವೈದ್ಯ ಪ್ರಯೋಗಾಲಯವೊಂದರಲ್ಲಿ ಗಾಜಿನ ಸಾಮಾನು ತೊಳೆಯುವ ಕೆಲಸಕ್ಕೆ ಸೇರಿ ಆರು ತಿಂಗಳಾಗಿತ್ತು. ಮನೆಗೆ ಬೀಗ ಹಾಕಿ ಮೂರು ಸಲ ಎಳೆದು ನೋಡುವ ಪೈಕಿ ನಾನು. ಒಮ್ಮೊಮ್ಮೆ ಸ್ಟೇಷನ್ನಿನಿಂದ ವಾಪಸ್ ಬಂದು ನಾಲ್ಕನೇ ಸಲವೂ ಎಳೆದದ್ದುಂಟು.

ಮಲಾಡಿನ ತಬೇಲಾದಲ್ಲಿ ಎಮ್ಮೆಗಳನ್ನು ನೋಡಿಕೊಳ್ಳುವ ಯಮನಪ್ಪ ಒಂದು ದಿನ ಹಾಲಿನ ಸ್ಯಾಂಪಲ್ ತಂದ. ಸೀಸೆಯಲ್ಲಿ ಇದ್ದದ್ದು ಹಾಲಲ್ಲ, ಗರಣೆ ಗರಣೆ.

"ನಮ್ಮ ಚಂದ್ರೀ ಕೆಚ್ಚಲು ಕಲ್ಲಾಗೇತ್ರಿ ಅಣ್ಣಾ. ಯಾವ ಇಂಜೆಕ್ಷನ್ನೂ ನಾಟವಲ್ದು. ಗಣಪತಿ ಹಬ್ಬ ಮುಗೀತಿದ್ದಂಗ ಕಳಿಸಿಬಿಡ್ತೀನಿ ಅಂತಾನ ಸೇಠ್."

ಹಾಲು ಕೊಡದ ಎಮ್ಮೆಯನ್ನು ಸೇಠ್ ಕಳಿಸುವುದು ಕಸಾಯಿಖಾನೆಗೇ.

ನಮ್ಮ ಡಾಕ್ಟರ್ ಮೇಡಂ ಮುಂಬಯಿಯಲ್ಲೇ ಹುಟ್ಟಿದ ಹುಡುಗಿ. ಪರೀಕ್ಷೆ ಮಾಡಿ, ಹಾಲಿನಲ್ಲಿರುವ ಬ್ಯಾಕ್ಟೀರಿಯಾ ಯಾವ ಔಷಧಿಗೂ ಜಗ್ಗುವುದಿಲ್ಲ ಎಂದರು. ಆಮೇಲೆ, "ಅಂಕಲ್, ಆ ತಬೇಲಾದ ಗಟರ್ ನೀರು ತನ್ನಿ" ಎಂದರು.

"ಗಟರ್ ನೀರಾ?"

"ಬ್ಯಾಕ್ಟೀರಿಯಾ ಎಲ್ಲಿದೆಯೋ, ಅದನ್ನ ತಿನ್ನೋ ವೈರಸ್ ಕೂಡ ಅಲ್ಲೇ ಇರುತ್ತೆ. ಫೇಜ್ ಅಂತಾರೆ. ಡರೋ ಮತ್, ಅದು ನಮಗೆ ಏನೂ ಮಾಡಲ್ಲ."

ವೈರಸ್ ಎಂದಮೇಲೆ ಹೆದರಬೇಡಿ ಅಂದರೆ ನಾನು ಕೇಳುವವನೇ? ಎರಡು ಮಾಸ್ಕ್ ಹಾಕಿ ತಂದುಕೊಟ್ಟೆ. ಚಂದ್ರಿಯ ಬ್ಯಾಕ್ಟೀರಿಯಾ ಹರಡಿದ, ಮುಚ್ಚಳವಿರುವ ಪುಟ್ಟ ಪ್ಲೇಟುಗಳ ಮೇಲೆ ಮೇಡಂ ಸೋಸಿದ ಗಟರ್ ನೀರು ಬಿಟ್ಟರು. ಎರಡು ವಾರ ಏನೂ ಸಿಗಲಿಲ್ಲ.

ಹಬ್ಬಕ್ಕೆ ಹತ್ತು ದಿನ ಇರುವಾಗ, ಬೆಳಿಗ್ಗೆ ನಾನೇ ಮೊದಲು ಬಂದೆ. ಹಿಂದಿನ ದಿನ ಇಟ್ಟ ಐದು ಪ್ಲೇಟುಗಳಲ್ಲಿ ನಾಲ್ಕರ ಮೇಲೆ ನುಣ್ಣಗೆ ಬಿಳಿ ಪೊರೆ. ಐದನೆಯದರಲ್ಲಿ ಮಾತ್ರ ಒಳ್ಳೆ ಹುಳಿ ಬಂದ ಹಿಟ್ಟಿನ ದೋಸೆಯಂತೆ ತುಂಬಾ ತೂತು! ಮುಚ್ಚಳ ಸರಿಯಾಗಿ ಹಾಕದೆ ನಾನೇ ಹಾಳುಮಾಡಿದೆನೋ? ಬೈಗುಳಕ್ಕೆ ಹೆದರಿ, ಹಬೆಯಲ್ಲಿ ಬೇಯಿಸಿ ಎಸೆಯಲೆಂದು ಇಟ್ಟಿದ್ದ ಕಸದೊಳಗೆ ಅದನ್ನು ಸೇರಿಸಿಬಿಟ್ಟೆ. ಆ ಕಸವನ್ನು ಹಬೆ ಯಂತ್ರಕ್ಕೆ ತುಂಬಿದ ಹೊತ್ತಿಗೆ ಮೇಡಂ ಬಂದರು.

"ಅಂಕಲ್, ಐದನೇದು ಎಲ್ಲಿ?"

"ಹಾಳಾಗಿತ್ತು ಮೇಡಂ. ತೂತು ಬಿದ್ದಿತ್ತು..."

"ತೂತಾ?" ಅವರ ಧ್ವನಿಯೇ ಏರಿತು. "ಆ ತೂತಿಗೇ ಅಲ್ವಾ ನಾವು ಇಷ್ಟು ದಿನ ಕಾದಿದ್ದು! ಅಲ್ಲೆಲ್ಲ ಫೇಜ್ ತಿಂದು ಬ್ಯಾಕ್ಟೀರಿಯಾ ಸತ್ತಿದೆ. ಬೇಯಿಸಿಬಿಟ್ರಾ?"

ಬೇಯಿಸಿರಲಿಲ್ಲ. ಹಬೆ ಯಂತ್ರದ ಬಾಗಿಲು ಭದ್ರವಾಗಿದೆಯೇ ಎಂದು ಮೂರನೇ ಸಲ ಎಳೆದು ನೋಡುತ್ತಿದ್ದೆ. ಗುಂಡಿ ಇನ್ನೂ ಒತ್ತಿರಲಿಲ್ಲ. ಮೇಡಂ ಕೈಗವಸು ಹಾಕಿ ಪ್ಲೇಟನ್ನು ಹೊರತೆಗೆದರು. ಮುಚ್ಚಳ ಹಾಗೇ ಇತ್ತು.

"ಎಲ್ಲರ ಮನೆ ದೋಸೆಯೂ ತೂತೇ" ಎಂದೆ, ನಾಚಿಕೆಗೆ.

"ಮತ್ಲಬ್?" ಎಂದರು ಮೇಡಂ. ಗಾದೆಯನ್ನು ಬಿಡಿಸಿ ಹೇಳುವಷ್ಟರಲ್ಲಿ ನಾಚಿಕೆ ಇಮ್ಮಡಿಯಾಯಿತು.

ಪ್ರಯೋಗಕ್ಕೆ ಮೊದಲೇ ಅನುಮತಿ ಇತ್ತು. ಆ ಫೇಜನ್ನು ಶುದ್ಧಮಾಡಿ ಚಂದ್ರಿಯ ಕೆಚ್ಚಲಿಗೆ ಬಿಟ್ಟರು. "ಗಟರ್‌ದಾಗಿಂದಾ?" ಎಂದು ಯಮನಪ್ಪ ಬಾಯಿ ಬಿಟ್ಟ. ಹಬ್ಬದ ಹೊತ್ತಿಗೆ ಮೂರು ಮೊಲೆಗಳಲ್ಲಿ ಒಳ್ಳೆಯ ಹಾಲು ಬಂತು, ಒಂದು ಬತ್ತಿಯೇ ಹೋಯಿತು. ಒಂದೇ ಎಮ್ಮೆಯಿಂದ ಏನೂ ಹೇಳಲಾಗದು ಎಂದು ಮೇಡಂ ಬರೆದುಕೊಂಡರು. ಚಂದ್ರಿ ಮಾತ್ರ ಎಲ್ಲಿಗೂ ಹೋಗಲಿಲ್ಲ.

ಪ್ಲೇಟಿನ ವಿಷಯವನ್ನು ಯಮನಪ್ಪನಿಗೆ ಹೇಳಿಬಿಟ್ಟೆ. ಅವನು ಚಂದ್ರಿಯ ಬೆನ್ನು ತಟ್ಟಿ, "ಕೇಳಿದ್ಯೇನವಾ? ಇಂವ ಅಂಜುಬುರುಕ ಅಂತ ನೀ ಉಳದಿ" ಎಂದ.

ಬಾಗಿಲನ್ನು ಎರಡೇ ಸಲ ಎಳೆದಿದ್ದರೆ ಎಂಬ ಯೋಚನೆ ಈಗಲೂ ಬರುತ್ತದೆ. ಅಂದಿನಿಂದ ಯಾರನ್ನೂ ಕೇಳದೆ ನಾನು ಏನನ್ನೂ ಎಸೆಯುವುದಿಲ್ಲ. ಇದರಿಂದ ನಮ್ಮ ಮನೆಯ ಫ್ರಿಜ್ ಯಾವ ಸ್ಥಿತಿಯಲ್ಲಿದೆ ಎಂಬುದನ್ನು ನನ್ನ ಹೆಂಡತಿಯೇ ಬೇರೆಯಾಗಿ ಬರೆಯಬೇಕು.