ಅಂಗಾರಣ್ಣ ಹಡಗಿನಲ್ಲಿ ಕಲಿತ ಪದ

ಬಂದರಿನ ಎದುರು ದಡದ ಬೆಂಗ್ರೆಯ ಅಂಗಾರಣ್ಣನ ಬಗ್ಗೆ ಬರೆಯಬೇಕು. ಯಾಕೆಂದರೆ ಒಂದು ಪದ ನಂಬಿ ಅವರು ಹಡಗು ಹತ್ತಿದರು, ಅದೇ ಪದದಿಂದ ಹಡಗಿನ ವ್ಯಾಪಾರ ಕಳೆದುಕೊಂಡರು. ಆಮೇಲೆ ಬೇರೆ ಯಾರಿಗೂ ಹಾಗಾಗಲು ಬಿಡಲಿಲ್ಲ. ನಾನು ಅವರ ದೋಣಿಯಲ್ಲಿ ಹುಟ್ಟು ಹಾಕುತ್ತಿದ್ದವನು.

ದೊಡ್ಡ ಹಡಗುಗಳು ಹೊರಗೆ ಸಮುದ್ರದಲ್ಲೇ ಲಂಗರು ಹಾಕಿ ಹೆಂಚು ತುಂಬಿಸಿಕೊಳ್ಳುತ್ತವೆ. ನಾವು ಅಲ್ಲಿಗೆ ಎಳನೀರಿನ ಬೊಂಡ, ಲಿಂಬೆ, ಮೀನು ಮಾರಲು ಹೋಗುತ್ತಿದ್ದೆವು. ಅಂಗಾರಣ್ಣ ದೋಣಿಯಲ್ಲಿ ಕೂರುವವರಲ್ಲ. ಊಟದ ಎದುರು ಕೂತರೂ ಕಾಲು ಅಲ್ಲಾಡುತ್ತಲೇ ಇರುತ್ತಿತ್ತು. "ಗಂಜಿಯಾದರೂ ಕೂತು ಉಣ್ಣಿ ಮಾರಾಯ್ರೆ, ಹಡಗು ಓಡಿಹೋಗುವುದಿಲ್ಲ" ಎಂದು ಅವರ ಹೆಂಡತಿ ದೇಯಿಯಕ್ಕ ಬಯ್ಯುವರು.

ಐವತ್ತೇಳನೇ ಇಸವಿಯಲ್ಲಿ ಇಟಲಿಯ ಹಡಗೊಂದು ಬಂತು. ಮೇಲಿನಿಂದ ಒಬ್ಬ ಹಗ್ಗದ ಏಣಿ ಇಳಿಬಿಟ್ಟು "ಸಾಲಿ, ಸಾಲಿ" ಎಂದು ಕೈಬೀಸಿದ. ಅಂಗಾರಣ್ಣ ಹತ್ತಿದರು. ಬುಟ್ಟಿ ಖಾಲಿ ಮಾಡಿ ಬಂದರು.

"ಸಾಲಿ ಅಂದ್ರೆ ಹತ್ತು. ನನಗೀಗ ಅವರ ಭಾಷೆ ಬರ್ತದೆ" ಎಂದರು.

"ಒಂದು ಪದಕ್ಕೆ ಭಾಷೆಯಾ ಅಂಗಾರಣ್ಣ?"

"ನಮಗೆ ಹತ್ತಲಿಕ್ಕೆ ಬಂದ್ರೆ ಸಾಕಲ್ವಾ? ಮತ್ತೆಂತ ಬೇಕು?"

ಅರವತ್ತೊಂದರಲ್ಲಿ ಬಂದದ್ದು ಸ್ಪೇನಿನ ಹಡಗು. ಅಂಗಾರಣ್ಣ ಏಣಿಯ ಅರ್ಧದಲ್ಲಿದ್ದರು. ಮೇಲಿದ್ದವನು "ಸಾಲ್, ಸಾಲ್" ಎಂದು ಕೂಗಿದ. "ಕರೀತಾ ಇದ್ದಾನೆ" ಎಂದು ನನಗೆ ಹೇಳಿ ಇವರು ಬೇಗ ಬೇಗ ಹತ್ತಿದರು. ಅವನು ಕೂಗಿದಷ್ಟೂ ಹತ್ತಿದರು. ಅವರ ತಲೆಯ ಮೇಲುಗಡೆ, ಹಡಗಿಗೆ ಏರಿಸುತ್ತಿದ್ದ ಹೆಂಚಿನ ಕಟ್ಟು ಹಗ್ಗದಲ್ಲಿ ತೂಗುತ್ತಿತ್ತು. ಅದು ಹಡಗಿನ ಅಂಚಿಗೆ ಬಡಿದು ಹೆಂಚು ಸುರಿಯಿತು. ಅಂಗಾರಣ್ಣ ಸಮುದ್ರಕ್ಕೆ ಹಾರಿದರು. ಜೀವ ಉಳಿಯಿತು, ಹೆಂಚು ಬಡಿದು ಎಡಗಾಲಿನ ಎಲುಬು ಮುರಿಯಿತು.

ಹೋಗು ಎಂದರೆ ಹತ್ತಿದ ಎಂದು ಹಡಗಿನವರು ದೂರು ಕೊಟ್ಟರು. ಹಡಗು ಏಜೆಂಟರ ಆಫೀಸಿನವರು, ಹಡಗಿಗೆ ಹೋಗಲು ಇವರಿಗೆ ಕೊಟ್ಟಿದ್ದ ಪಾಸನ್ನು ವಾಪಸು ತೆಗೆದುಕೊಂಡರು.

ಎಲುಬು ಕೂಡಿದ ಮೇಲೆ ಎರಡು ತಿಂಗಳು ಅಂಗಾರಣ್ಣ ದಡದ ಹೊಯಿಗೆಯ ಮೇಲೆ ಕುಂಟುತ್ತಾ ತಿರುಗಿದರು. ಹೊರಗೆ ಹಡಗು ಕಂಡರೆ ಮೊಣಕಾಲಿನವರೆಗೆ ನೀರಿಗಿಳಿಯುವರು. ನಿಲ್ಲುವರು. ವಾಪಸು ಬರುವರು. ಪುನಃ ಇಳಿಯುವರು. ನೋಡಲಾಗದೆ ನಾನು ಅವರನ್ನು ಕುಲಶೇಖರದಲ್ಲಿದ್ದ, ಪರದೇಶದ ಭಾಷೆ ಬಲ್ಲ ಫಾದರ್ ಆಂಬ್ರೋಸರಲ್ಲಿಗೆ ಕರೆದುಕೊಂಡು ಹೋದೆ.

ಫಾದರ್ ಕೇಳಿ ನಕ್ಕರು. "ಎರಡು ಪದಗಳೂ ಒಂದೇ ತಾಯಿಯ ಮಕ್ಕಳು ಅಂಗಾರ. ಲ್ಯಾಟಿನ್‌ನಲ್ಲಿ ಸಾಲೀರೆ ಅಂದ್ರೆ ಹಾರುವುದು. ಇಟಲಿಯವರಿಗೆ ಅದು ಹತ್ತುವುದು ಆಯ್ತು, ಸ್ಪೇನಿನವರಿಗೆ ಹೊರಗೆ ಹೋಗುವುದು."

"ಹಾಗಾದ್ರೆ ನನ್ನದು ಎಂತ ತಪ್ಪು ಫಾದರ್? ಹತ್ತಿದೆ, ಹಾರಿದೆ, ಹೊರಗೂ ಬಿದ್ದೆ."

ಫಾದರ್ ಇದನ್ನೆಲ್ಲ ಇಂಗ್ಲಿಷಿನಲ್ಲಿ ಬರೆದುಕೊಟ್ಟರು. ಏಜೆಂಟರ ಗುಮಾಸ್ತ ಝೇವಿಯರ್ ಎರಡು ಸಲ ಓದಿದ. "ನನಗೆ ಅರ್ಥ ಆಯ್ತು ಅಂಗಾರಣ್ಣ. ಆದ್ರೆ ನಾಳೆ ಇನ್ನೊಬ್ಬ ಇನ್ನೊಂದು ಕೂಗಿದ್ರೆ?"

ಅಂಗಾರಣ್ಣ ಕಾಗದ ಮಡಚಿ ಕಿಸೆಗೆ ಹಾಕಿಕೊಂಡರು. ಪಾಸು ಸಿಗಲಿಲ್ಲ.

ಈಗ ಅವರು ಬೆಂಗ್ರೆ ಕಡವಿನಲ್ಲಿ ಜನರನ್ನು ದಾಟಿಸುವ ದೋಣಿ ನಡೆಸುತ್ತಾರೆ, ನಿಂತುಕೊಂಡೇ. ಹತ್ತಿರಿ, ಇಳಿಯಿರಿ ಎಂಬುದನ್ನು ತುಳು, ಕನ್ನಡ, ಕೊಂಕಣಿ, ಬ್ಯಾರಿ ನಾಲ್ಕರಲ್ಲೂ ಹೇಳುತ್ತಾರೆ, ಕೈಯಲ್ಲೂ ತೋರಿಸುತ್ತಾರೆ. ಹೊಸಬರಾದರೆ "ನಾನು ಎಂತ ಹೇಳಿದೆ?" ಎಂದು ಕೇಳುತ್ತಾರೆ. ಸರಿಯಾಗಿ ಹೇಳಿದ ಮೇಲೆಯೇ ಹತ್ತಲು ಕೈ ಹಿಡಿಯುವುದು. ಈವರೆಗೆ ಅವರ ದೋಣಿಯಿಂದ ಒಬ್ಬರೂ ನೀರಿಗೆ ಬಿದ್ದಿಲ್ಲ.

ನೀವೂ ಒಮ್ಮೆ ಬಂದರಿನ ಬದಿಯ ಆ ಕಡವಿಗೆ ಹೋಗಿ ಅವರನ್ನು ಕಾಣಿ. ಹೊರಗೆ ಹಡಗು ನಿಂತಿದ್ದರೆ ಅದು ಯಾವ ದೇಶದ್ದೆಂದು ಕೇಳಿ ತಿಳಿದುಕೊಂಡು ಹೋಗಿ. ಅವರು ಮೊದಲು ಕೇಳುವುದೇ ಅದನ್ನು.