ಗುಲಗಂಜಿ ದೊಡ್ಡಪ್ಪನ ಸಬ್‌ವೂಫರ್

ನಮ್ಮ ದೊಡ್ಡಪ್ಪನಿಗೆ ಅಂಗಡಿಯವರೆಲ್ಲ ಸೇರಿ ಇಟ್ಟ ಹೆಸರು ಗುಲಗಂಜಿ. ತಕ್ಕಡಿ ರಿಪೇರಿ ಅವರ ಕಸುಬು, ಗುಲಗಂಜಿಯಷ್ಟು ವ್ಯತ್ಯಾಸವಿದ್ದರೂ ಬಿಡುವ ಆಸಾಮಿಯಲ್ಲ. ಗೋದಾಮಿನ ದೊಡ್ಡ ತಕ್ಕಡಿ ಸರಿಯಾದ ಮೇಲೂ ಅವರು ಅಲ್ಲಿಂದ ಏಳುತ್ತಿರಲಿಲ್ಲ. ತೂಕದ ಕಲ್ಲನ್ನು ಮೊದಲು ಹಲಗೆಯ ನಡುವೆ ಇಡುವುದು, ಆಮೇಲೆ ನಾಲ್ಕು ಮೂಲೆಗೂ ಒಂದೊಂದಾಗಿ ಸರಿಸುವುದು. ಐದು ಕಡೆಯೂ ಒಂದೇ ತೂಕ ತೋರಿಸಿದರೆ ಮಾತ್ರ ಚೀಲ ಹೆಗಲಿಗೆ. "ನಡುವೆ ಮಾತ್ರ ನಿಜ ಹೇಳೋ ತಕ್ಕಡಿ ಸುಳ್ಳು ತಕ್ಕಡಿ ಕಣೇ" ಎಂದು ನನಗೆ ನೂರು ಸಲ ಹೇಳಿದ್ದಾರೆ. ಆ ಮಾತನ್ನು ಯಾರಾದರೂ ಒಂದು ಸಲ ಅವರಿಗೇ ತಿರುಗಿ ಹೇಳಬೇಕಿತ್ತು. ಅವರ ಮನೆಯ ಮಹಡಿಯ ಮೇಲೇ ಇದ್ದ ನಾನು ಹೇಳಬಹುದಿತ್ತು, ಹೇಳಲಿಲ್ಲ.

ದೊಡ್ಡಮ್ಮ ಮನೆಯಲ್ಲೇ ಕೂತು ಪರದೆ, ದಿಂಬಿನ ಚೀಲ ಹೊಲಿಯುತ್ತಿದ್ದರು. ಬೆಳಕಿಗೆ ಅಂತ ಅವರ ಜಾಗ ಕಿಟಕಿಯ ಪಕ್ಕ, ಕೈಯಿಲ್ಲದ ಒಂದು ಗಿಡ್ಡ ಕುರ್ಚಿ. ಅದರ ಮೇಲೆ ಯಾವಾಗಲೂ ಒಂದೆರಡು ಗುಂಡುಸೂಜಿ ಬಿದ್ದಿರುತ್ತಿದ್ದುದರಿಂದ ಬೇರೆ ಯಾರೂ ಅಲ್ಲಿ ಕೂರುವ ಸಾಹಸಕ್ಕೆ ಹೋಗುತ್ತಿರಲಿಲ್ಲ. ದೊಡ್ಡಪ್ಪನ ಒರಗು ಕುರ್ಚಿ ಕೋಣೆಯ ನಟ್ಟನಡುವೆ, ಪುಸ್ತಕದ ಕಪಾಟಿಗೆ ಎದುರಾಗಿ. ಕಪಾಟಿನ ಮೇಲೆ ಎರಡು ಪುಟ್ಟ ಸ್ಪೀಕರ್. ಗಾತ್ರಕ್ಕೆ ಮೀರಿದ ಚೊಕ್ಕ ದನಿ ಅವಕ್ಕೆ.

ಆದರೆ ಅವುಗಳಲ್ಲಿ ದೊಡ್ಡಮ್ಮನ ಅಣ್ಣ ಇರಲಿಲ್ಲ. ಆ ಮಾವ ಒಂದು ವಾದ್ಯಮೇಳದಲ್ಲಿ ಡಬಲ್ ಬಾಸ್ ನುಡಿಸುತ್ತಿದ್ದರು. ಆಳೆತ್ತರದ ಪಿಟೀಲು ಅದು, ನಿಂತುಕೊಂಡೇ ನುಡಿಸಬೇಕು. ಅವರು ತೀರಿಕೊಂಡ ಮೇಲೆ ಉಳಿದದ್ದು ಒಂದೇ ಒಂದು ಸಿ.ಡಿ. ಹಾಕಿದರೆ ಪಿಟೀಲುಗಳೆಲ್ಲ ಕೇಳಿಸುತ್ತಿದ್ದವು, ಕೊಳಲು ಕೇಳಿಸುತ್ತಿತ್ತು, ಕೆಳಗಿನ ಆ ಗಂಭೀರ ದನಿ ಮಾತ್ರ ಇಲ್ಲ.

"ಎಲ್ಲರೂ ಬಂದ್ರು, ನಮ್ಮಣ್ಣ ಎಲ್ರೀ?" ಎಂದು ದೊಡ್ಡಮ್ಮ ಕೇಳಿದರು.

"ಅಷ್ಟು ಚಿಕ್ಕ ಡಬ್ಬಿಯಲ್ಲಿ ಅವನು ಹಿಡಿಸಲ್ಲ. ತಗ್ಗಿನ ದನಿಗೇ ಅಂತ ಇರೋ ಪೆಟ್ಟಿಗೆ, ಸಬ್‌ವೂಫರ್ ಬೇಕು" ಎಂದರು ದೊಡ್ಡಪ್ಪ. ದೊಡ್ಡಮ್ಮ ಮದುವೆಯಾದ ಮೇಲೆ ತಮಗಾಗಿ ಬಾಯಿಬಿಟ್ಟು ಕೇಳಿದ್ದು ಅಣ್ಣನ ಆ ದನಿಯೊಂದೇ ಇರಬೇಕು.

ಆರಿಸುವುದಕ್ಕೇ ಏಳು ತಿಂಗಳು ಹಿಡಿಯಿತು. ಸಿ.ಡಿ. ಜೇಬಿನಲ್ಲಿಟ್ಟುಕೊಂಡು, ಸ್ಪೀಕರ್‌ಗಳಲ್ಲಿ ಒಂದನ್ನು ಕಂಕುಳಲ್ಲಿ ಇರುಕಿಕೊಂಡು ಅಂಗಡಿ ಅಂಗಡಿ ಅಲೆದರು. ಒಬ್ಬ ಅಂಗಡಿಯವನು ಸ್ಟೂಲಿನಷ್ಟು ದೊಡ್ಡ ಪೆಟ್ಟಿಗೆ ತೋರಿಸಿ, "ಸಾರ್, ಇದನ್ನ ಹಾಕಿದ್ರೆ ಮನೆಯೇ ಅಲ್ಲಾಡುತ್ತೆ" ಎಂದನಂತೆ. "ನನಗೆ ಮನೆ ಅಲ್ಲಾಡೋದು ಬೇಡಪ್ಪಾ, ನನ್ನ ಭಾವಮೈದ ಕೇಳಿಸಿದ್ರೆ ಸಾಕು" ಎಂದು ಇವರು ಎದ್ದು ಬಂದರು. ಪುಟ್ಟ ಸ್ಪೀಕರ್ ಎಲ್ಲಿ ಸೋಲುತ್ತದೋ ಸರಿಯಾಗಿ ಅಲ್ಲಿಂದ ಇದು ಕೈಹಿಡಿಯಬೇಕು, ದನಿ ಎಲ್ಲಿಂದ ಬರುತ್ತಿದೆ ಅಂತ ಗೊತ್ತೇ ಆಗಬಾರದು, ಇದು ಅವರ ಲೆಕ್ಕ. ಕೊನೆಗೆ ಸಿಕ್ಕಿದ್ದು ನಾಲ್ಕೂ ಕಡೆ ಮುಚ್ಚಿದ, ಗುಮ್ಮೆನ್ನದ, ಮರ್ಯಾದಸ್ಥ ಪೆಟ್ಟಿಗೆ. ಆರಿಸಿದ್ದರಲ್ಲಿ ಇವತ್ತಿಗೂ ತಪ್ಪು ಹೇಳಲಾರೆ.

ಅದನ್ನು ಕೋಣೆಯಲ್ಲಿ ಎಲ್ಲಿಡಬೇಕು ಅನ್ನುವುದಕ್ಕೂ ಒಂದು ವಿದ್ಯೆ ಕಲಿತು ಬಂದಿದ್ದರು. ಕೇಳುವವರ ಕುರ್ಚಿಯ ಮೇಲೆ ಪೆಟ್ಟಿಗೆ ಇಟ್ಟು ಹಾಡು ಹಾಕಬೇಕು. ಆಮೇಲೆ ಗೋಡೆಯ ಪಕ್ಕ ಅಂಬೆಗಾಲಿಡುತ್ತ, ನೆಲಕ್ಕೆ ಕಿವಿ ತಗ್ಗಿಸಿ ಹುಡುಕಬೇಕು. ದನಿ ಎಲ್ಲಿ ಸರಿಯಾಗಿ ಕೇಳುತ್ತದೋ ಅಲ್ಲಿ ಪೆಟ್ಟಿಗೆಯ ಜಾಗ. ಕುರ್ಚಿಯ ಮೇಲೆ ಪೆಟ್ಟಿಗೆ ಯಜಮಾನನ ಹಾಗೆ ಕೂತಿದ್ದರೆ, ಯಜಮಾನರು ನೆಲದ ಮೇಲೆ ತೆವಳುತ್ತಿದ್ದರು. ನಾನೂ ದೊಡ್ಡಮ್ಮನೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅದು ದೊಡ್ಡಪ್ಪನ ಕುರ್ಚಿ ಎನ್ನುವುದು ಯಾರಿಗೂ ವಿಶೇಷ ಅನ್ನಿಸಲಿಲ್ಲ. ಪೆಟ್ಟಿಗೆ ಕಪಾಟಿನ ಬಲಗಡೆ ಕೂತಿತು.

ದೊಡ್ಡಪ್ಪ ಒರಗಿಕೊಂಡು ಸಿ.ಡಿ. ಹಾಕಿದರು. ಅವರ ಕಣ್ಣು ಒದ್ದೆಯಾಯಿತು. "ಬಂದ ನೋಡು ನಿಮ್ಮಣ್ಣ!"

ಕಿಟಕಿಯ ಪಕ್ಕದಿಂದ ದೊಡ್ಡಮ್ಮ, "ಎಲ್ರೀ? ನಂಗೆ ಕೇಳಿಸ್ತಾನೇ ಇಲ್ಲ" ಎಂದರು.

ಇನ್ನೊಂದು ಸಲ ಹಾಕಿದರು. ಮತ್ತೊಂದು ಸಲ ಹಾಕಿದರು. ದೊಡ್ಡಮ್ಮ ತಲೆಯಲ್ಲಾಡಿಸಿದರು. "ನಿನ್ನ ಕಿವಿ ಕೈಕೊಡ್ತಿದೆ ಕಣೇ" ಎಂದು ದೊಡ್ಡಪ್ಪ ಮಾರನೆಯ ದಿನವೇ ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ವಯಸ್ಸಿಗೆ ಚೆನ್ನಾಗಿಯೇ ಇದೆ ಎಂದು ಡಾಕ್ಟರು ಹೇಳಿದರೆ, "ಆ ಕಿವಿ ನೋಡೋ ಮಿಷಿನ್ನಿಗೆ ತಕ್ಕಡಿ ಥರ ಸರ್ಕಾರದ ಮುದ್ರೆ ಹಾಕಿಸಿ ಎಷ್ಟು ವರ್ಷ ಆಯ್ತೋ" ಎಂದು ಗೊಣಗಿಕೊಂಡು ಬಂದರು. ನಾನೇನು ಕಮ್ಮಿಯೇ? ಒರಗು ಕುರ್ಚಿಯ ಬೆನ್ನಿಗೆ ಕೈಯೂರಿ ನಿಂತು ಕೇಳಿದವಳು, "ಚೆನ್ನಾಗಿ ಕೇಳಿಸ್ತಿದೆ ದೊಡ್ಡಮ್ಮಾ, ವಯಸ್ಸಾಯ್ತಲ್ವಾ ನಿಮಗೆ" ಎಂದುಬಿಟ್ಟೆ. ಅವರು ನನ್ನ ಮುಖ ನೋಡಿದರು. ಆಮೇಲೆ ಸೂಜಿಗೆ ದಾರ ಪೋಣಿಸುತ್ತ, "ಹೂಂ, ಈಗ ಕೇಳಿಸ್ತು" ಎಂದರು. ಇಬ್ಬರ ಬಾಯಿ ಮುಚ್ಚಿಸಲು ಹೇಳಿದ ಸುಳ್ಳು ಅದು. ನನಗೆ ಆಗಲೇ ಗೊತ್ತಾಗಿತ್ತು, ಸುಮ್ಮನಿದ್ದೆ.

ಐದು ವರ್ಷ ಆ ಸಿ.ಡಿ. ಹಾಗೇ ನಡೆಯಿತು. ಅಷ್ಟರಲ್ಲಿ ದೊಡ್ಡಮ್ಮನ ಕಿವಿ ನಿಜವಾಗಿಯೇ ಹೋಯಿತು, ಒಂದು ಜ್ವರದ ನಂತರ, ಎರಡೂ. ಯಂತ್ರ ಹಾಕಿಸಿದರೂ ಪ್ರಯೋಜನವಾಗಲಿಲ್ಲ. ಅಡುಗೆಮನೆಯ ಗೋಡೆಗೆ ಒಂದು ಸ್ಲೇಟು ತೂಗುಬಿದ್ದಿತು, ಹೇಳುವುದನ್ನೆಲ್ಲ ಅದರಲ್ಲಿ ಬರೆಯಬೇಕು. "ನಾನು ಆಗ್ಲೇ ಹೇಳಿರ್ಲಿಲ್ವಾ?" ಎಂದು ದೊಡ್ಡಪ್ಪ ನನ್ನ ಹತ್ತಿರ ಹೇಳಿದರು. ಆ ಮಾತಿನಲ್ಲಿ ದುಃಖವಿತ್ತು, ಒಂದು ಚೂರು ಗೆಲುವೂ ಇತ್ತು.

ಹೋದ ತಿಂಗಳು ಒರಗು ಕುರ್ಚಿ ಕಾಲು ಮುರಿದುಕೊಂಡು ಬಡಗಿಯ ಮನೆ ಸೇರಿತು. ಭಾನುವಾರ ಬೆಳಿಗ್ಗೆ ದೊಡ್ಡಪ್ಪ ಬೇರೆ ದಾರಿಯಿಲ್ಲದೆ ಕಿಟಕಿಯ ಗಿಡ್ಡ ಕುರ್ಚಿಯಲ್ಲಿ ಕೂತು ಸಿ.ಡಿ. ಹಾಕಿದರು. ಸ್ವಲ್ಪ ಹೊತ್ತಿಗೆ ನನ್ನನ್ನು ಕೂಗಿದ ಕೂಗಿಗೆ ನಾನು ಎರಡೆರಡು ಮೆಟ್ಟಿಲು ಹಾರಿ ಬಂದೆ.

"ಇಲ್ಲಿ ಕೂತ್ಕೋ" ಎಂದರು. ಎದ್ದು ಜಾಗ ಬಿಟ್ಟರು.

ಕೂತೆ. ಪಿಟೀಲು, ಕೊಳಲು, ಎಲ್ಲ ಇತ್ತು. ಮಾವ ಇರಲಿಲ್ಲ. ಎದ್ದು ಎರಡು ಹೆಜ್ಜೆ ಕೋಣೆಯ ನಡುವಿಗೆ ಬಂದೆ, ಮಾವ ಬಂದರು. ಮತ್ತೆ ಹೋಗಿ ಕೂತರೆ ಮಾಯ. ಗೋಡೆಯಿಂದ ಗೋಡೆಗೆ ಬಡಿದು ಬರುವ ದನಿ ಕೆಲವು ಕಡೆ ತನ್ನನ್ನು ತಾನೇ ನುಂಗಿಕೊಳ್ಳುತ್ತದಂತೆ. ಆ ಕೋಣೆಯಲ್ಲಿ ಹಾಗೆ ನುಂಗಿಕೊಳ್ಳುತ್ತಿದ್ದದ್ದು ಸರಿಯಾಗಿ ದೊಡ್ಡಮ್ಮ ಕೂರುತ್ತಿದ್ದ ಜಾಗದಲ್ಲಿ.

"ನಾಲ್ಕು ಮೂಲೆ ನೋಡ್ಲಿಲ್ಲ ಕಣೇ ನಾನು" ಎಂದರು ದೊಡ್ಡಪ್ಪ. "ಊರಿನ ತಕ್ಕಡಿಗೆಲ್ಲ ನೋಡ್ದೆ. ನನ್ನ ಹೆಂಡ್ತಿಗೆ ನೋಡ್ಲಿಲ್ಲ."

ನಾನು ಪೆಟ್ಟಿಗೆಯನ್ನು ಎತ್ತಿ ಗಿಡ್ಡ ಕುರ್ಚಿಯ ಮೇಲಿಟ್ಟೆ. ಎಪ್ಪತ್ತರ ದೊಡ್ಡಪ್ಪ ಮತ್ತೆ ಮಂಡಿಯೂರಿ ತೆವಳಿದರು. ಈ ಸಲ ನಗುವವರಿರಲಿಲ್ಲ. ಕಪಾಟಿನ ಎಡಗಡೆ ನಿಂತು ಕೈಯೆತ್ತಿದರು. ಅಲ್ಲಿಟ್ಟು ಕೇಳಿದೆವು, ಕಿಟಕಿಯ ಪಕ್ಕ ಮಾವ ಸ್ಪಷ್ಟವಾಗಿ ಕೇಳಿಸಿದರು.

ಅಡುಗೆಮನೆಯಿಂದ ದೊಡ್ಡಮ್ಮನನ್ನು ಕರೆತಂದು ದೊಡ್ಡಪ್ಪ, ಜೊತೆಗೇ ತಂದ ಸ್ಲೇಟಿನಲ್ಲಿ ಬರೆದರು: 'ನಿನ್ನ ಕಿವಿ ಸರಿ ಇತ್ತು. ಪೆಟ್ಟಿಗೆ ಜಾಗ ತಪ್ಪಿತ್ತು. ತಪ್ಪು ನಂದು.'

ದೊಡ್ಡಮ್ಮ ಎರಡು ಸಲ ಓದಿದರು. ಪೆಟ್ಟಿಗೆ ಮೊದಲಿದ್ದ ಜಾಗ ನೋಡಿದರು, ನೆಲದ ಮೇಲೆ ಧೂಳಿನ ಚೌಕ ಇನ್ನೂ ಇತ್ತು. ಈಗಿನ ಜಾಗ ನೋಡಿದರು. ನಡುವೆ ಕಪಾಟಿನ ಅಗಲ, ಮೂರು ಮೊಳವೂ ಇರಲಿಲ್ಲ.

"ಇಷ್ಟೇನಾ?" ಎಂದರು.

ದೊಡ್ಡಪ್ಪ ಸ್ಲೇಟು ಒರೆಸಿದರು. ದೊಡ್ಡಮ್ಮ ತಮ್ಮ ಕುರ್ಚಿಯಲ್ಲಿ ಕೂತು, ಸೆರಗು ಸರಿಮಾಡಿಕೊಂಡು, "ಹಾಕಿ" ಎಂದರು. ಹಾಕಿದೆ. ಅವರು ನಮ್ಮಿಬ್ಬರ ಮುಖವನ್ನು ಬದಲಿಸಿ ಬದಲಿಸಿ ನೋಡುತ್ತಿದ್ದರು.

"ಬಂದ್ನಾ?" ಎಂದು ಕೇಳಿದರು.

ದೊಡ್ಡಪ್ಪ ಕಪಾಟಿನ ಕಡೆ ಮುಖ ತಿರುಗಿಸಿದ್ದರು. ನಾನೇ ಹೂಂ ಎಂದು ತಲೆಯಾಡಿಸಿದೆ.